ಸೀಲೈನ್ ಮರಳಿನಲ್ಲಿ ಪ್ಲಗ್ ಓದುವುದು

ಕತಾರಿನ ನೆಲ ಸುಣ್ಣಕಲ್ಲಿನದು. ಉತ್ತರದ ಅಲ್ ರುವೈಸ್‌ನಿಂದ ದಕ್ಷಿಣದ ಸೌದಿ ಗಡಿಯವರೆಗೆ ಹೋದರೂ ಬಹುಪಾಲು ಕಾಣುವುದು ಅದೇ ಮಾಸಲು ಬಿಳಿ ಬಂಡೆ ಮತ್ತು ಜಲ್ಲಿಗಲ್ಲಿನ ಬಯಲು. ದೋಹಾದಿಂದ ಸುಮಾರು 40 ಕಿ.ಮೀ. ದಕ್ಷಿಣಕ್ಕಿರುವ ಮೆಸೈಯೀದ್ ದಾಟಿದ ಮೇಲೆ ಮಾತ್ರ ನೋಟ ಬದಲಾಗುತ್ತದೆ. ಸೀಲೈನ್ ಕಡಲತೀರದಿಂದ ಖೋರ್ ಅಲ್ ಅದೈದ್ ಹಿನ್ನೀರಿನವರೆಗೆ ಹೊಂಬಣ್ಣದ ಮರಳುದಿಬ್ಬಗಳು ಸಾಲುಗಟ್ಟಿವೆ. ಇದು ಸುಣ್ಣಕಲ್ಲು ಸವೆದು ಆದ ಮರಳಲ್ಲ, ಹೆಚ್ಚಿನಂಶ ಕ್ವಾರ್ಟ್ಸ್. ಹಿಮಯುಗದಲ್ಲಿ ಸಮುದ್ರಮಟ್ಟ ಇಳಿದು ಪರ್ಷಿಯನ್ ಕೊಲ್ಲಿ ಒಣನೆಲವಾಗಿದ್ದಾಗ ವಾಯುವ್ಯದಿಂದ ಬೀಸುವ ಶಮಾಲ್ ಗಾಳಿ ಇದನ್ನು ಹೊತ್ತು ತಂದಿತು. ಕೊಲ್ಲಿಗೆ ಮತ್ತೆ ನೀರು ತುಂಬಿದ ಮೇಲೆ ಹೊಸ ಮರಳು ಬರುವುದು ನಿಂತಿತು. ಇದ್ದ ದಿಬ್ಬಗಳು ಅದೇ ಗಾಳಿಗೆ ಬೆನ್ನು ಕೊಟ್ಟು ಆಗ್ನೇಯಕ್ಕೆ ಸರಿಯುತ್ತ, ತುದಿಯಲ್ಲಿ ಒಂದೊಂದಾಗಿ ಕಡಲಿಗೆ ಬೀಳುತ್ತಿವೆ.

ನಾನು ಇಲ್ಲಿಗೆ ಬರುತ್ತಿದ್ದುದು ದಿಬ್ಬಗಳ ಮೇಲಿನ ಹೆಜ್ಜೆಗುರುತು ನೋಡುವುದಕ್ಕೆ. ರಾತ್ರಿ ಓಡಾಡಿದ ಜೀರುಂಡೆಯ ಗೆರೆ, ನರಿಯ ಪಾದ, ಹಲ್ಲಿಯ ಬಾಲ ಎಳೆದ ಗುರುತು ಎಲ್ಲವೂ ಬೆಳಗಿನ ಓರೆಬಿಸಿಲಿನಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಆದರೆ ನವೆಂಬರಿನಿಂದ ಏಪ್ರಿಲ್‌ವರೆಗಿನ ಚಳಿಗಾಲದ ಶಿಬಿರಗಳ ದಿನಗಳಲ್ಲಿ ಈ ಗುರುತುಗಳ ಜತೆಗೆ ಅಗಲವಾದ ಟೈರಿನ ಗುರುತೂ ಇರುತ್ತದೆ. ಕ್ವಾಡ್ ಬೈಕುಗಳ ಕಾಲ ಅದು. ದಿಬ್ಬದ ನಡುವೆ ನಿಂತು ಹೋದ ಗಾಡಿ, ಅದರ ಪಕ್ಕ ಮೊಣಕಾಲೂರಿ ಸ್ಪಾರ್ಕ್ ಪ್ಲಗ್ ಬಿಚ್ಚುತ್ತಿರುವ ಹುಡುಗರು ಇಲ್ಲಿನ ನಿತ್ಯದ ನೋಟ. ಹೀಗಾಗಿ ಎಂಜಿನ್ ಕೂಡ ನನ್ನ ಟಿಪ್ಪಣಿ ಪುಸ್ತಕ ಸೇರಿತು. ಹಕ್ಕಿಯಂತೆ, ಹಲ್ಲಿಯಂತೆ ಅದಕ್ಕೂ ಇಲ್ಲಿನ ಗಾಳಿಯೇ ಉಸಿರು. ಉಸಿರಿನಲ್ಲಿ ಏನು ಬಂತೆಂಬುದನ್ನು ಅದರ ಪ್ಲಗ್ ಬರೆದಿಡುತ್ತದೆ.

ನಾನು ಋತುವಿಡೀ ಗಮನಿಸಿದ್ದು ಗೆಳೆಯರೊಬ್ಬರ ಯಮಹಾ ಬ್ಯಾನ್‌ಶೀ. ಅದರದು ಎರಡು ಸಿಲಿಂಡರಿನ, 347 ಸಿಸಿಯ, ನೀರಿನಿಂದ ತಣಿಯುವ ಟೂ ಸ್ಟ್ರೋಕ್ ಎಂಜಿನ್. ಅಮೆರಿಕದ ಮಾರುಕಟ್ಟೆಗೆ 1987ರಲ್ಲಿ ಬಂದು 2006ರವರೆಗೆ ಮಾರಾಟವಾದ ಈ ಗಾಡಿಯ ಮೇಲೆ ಕೊಲ್ಲಿ ದೇಶಗಳ ಮರಳು ಸವಾರರಿಗೆ ಇವತ್ತಿಗೂ ಮೋಹ ಇಳಿದಿಲ್ಲ. ಎಂಜಿನ್ ಮಾತ್ರ ನಮ್ಮವರಿಗೆ ಅಪರಿಚಿತವಲ್ಲ. ಇದರ ಮೂಲ ಯಮಹಾ ಆರ್‌ಡಿ350 ಎಲ್‌ಸಿ. ಅದಕ್ಕೂ ಹಿಂದಿನ, ಗಾಳಿಯಿಂದ ತಣಿಯುವ ಆರ್‌ಡಿ350 ನಮ್ಮ ರಸ್ತೆಗಳಲ್ಲಿ ರಾಜ್‌ದೂತ್ 350 ಆಗಿ ಓಡಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಯನ್ನು ಕಿಕ್ ಹೊಡೆದು ಬೆಳೆದವರಿಗೆ ಟೂ ಸ್ಟ್ರೋಕಿನ ನೀಲಿ ಹೊಗೆಯ ವಾಸನೆ ಸಾಕು, ಅರ್ಧ ರೋಗ ಗೊತ್ತಾಗುತ್ತದೆ.

ಜತೆಗಿದ್ದವರು ದೋಹಾದ ಸನಯ್ಯ ಎಂಬ ಕೈಗಾರಿಕಾ ಪ್ರದೇಶದಲ್ಲಿ ಗ್ಯಾರೇಜ್ ಕೆಲಸ ಮಾಡುವ ಉಪ್ಪಳದ ಮೆಕ್ಯಾನಿಕ್. ನನಗಿಂತ ಹಿರಿಯರು, ನಾನು ಅವರನ್ನು ಅಣ್ಣ ಎಂದೇ ಕರೆಯುವುದು. ಸ್ಪ್ಯಾನರ್ ಹಿಡಿಯುವ ಮೊದಲು ಅವರು ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಎಷ್ಟು ಥ್ರಾಟಲ್ ಒತ್ತಿದಾಗ ಎಳೆಯುವುದಿಲ್ಲ?”

ನವೆಂಬರ್

ಮೊದಲ ಗುಡಾರಗಳು ಎದ್ದಿವೆ. ಮಧ್ಯಾಹ್ನ ಇನ್ನೂ ಬಿಸಿಲಿದೆ, ಸಂಜೆ ಹಿತ. ಬೇಸಿಗೆಯಿಡೀ ಹೊದಿಕೆಯಡಿ ನಿಂತಿದ್ದ ಬ್ಯಾನ್‌ಶೀ ಚೋಕ್ ಎಳೆದು ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ, ಚೋಕ್ ಒಳಗೆ ತಳ್ಳಿದ ಕೂಡಲೇ ಆರುತ್ತದೆ. ಹೇಗೋ ಉಳಿಸಿಕೊಂಡು ಹೆಬ್ಬೆರಳಿನ ಥ್ರಾಟಲನ್ನು ಮೆಲ್ಲಗೆ ಒತ್ತಿದರೆ ಮುಗ್ಗರಿಸುತ್ತದೆ. ಇನ್ನಷ್ಟು ಒತ್ತಿದರೆ ಒಮ್ಮೆಗೇ ಹಿಡಿದುಕೊಂಡು ಕಿರುಚುತ್ತ ಓಡುತ್ತದೆ. ಸವಾರರು ಇದನ್ನೇ ಬಾಗ್ ಆಗುವುದು ಎನ್ನುತ್ತಾರೆ. ಗೆಳೆಯರು ಹೊಸ ಪ್ಲಗ್‌ಗಳ ಪೊಟ್ಟಣ ತೆಗೆದಾಗಿತ್ತು. ಅಣ್ಣ ಕೈ ಅಡ್ಡ ಹಿಡಿದರು. “ಪ್ಲಗ್ ಬೇಡ ಮಾರಾಯ್ರೆ. ಮೊದಲು ಇದ್ದದ್ದನ್ನು ನೋಡುವ.”

ಮರಳುಗಾಡಿನಲ್ಲಿ ಪ್ಲಗ್ ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಪ್ಲಗ್ ಕೂರುವ ಗುಂಡಿಯಲ್ಲಿ ಮರಳು ತುಂಬಿರುತ್ತದೆ. ಹಾಗೇ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಆ ಕಾಳುಗಳು ನೇರ ಸಿಲಿಂಡರಿಗೆ. ಕ್ವಾರ್ಟ್ಸ್ ಕಾಳು ಪಿಸ್ಟನ್ನಿನ ಅಲ್ಯೂಮಿನಿಯಮ್ಮಿಗಿಂತಲೂ ಸಿಲಿಂಡರಿನ ಗೋಡೆಗಿಂತಲೂ ಗಟ್ಟಿ. ಒಮ್ಮೆ ಒಳಹೊಕ್ಕರೆ ಗೀರಿಯೇ ಹೊರಗೆ ಬರುತ್ತದೆ. ಅಣ್ಣ ಟೈರಿಗೆ ಗಾಳಿ ಹೊಡೆಯುವ ಪಂಪಿನಿಂದ ಗುಂಡಿಯನ್ನು ಊದಿ, ಪ್ಲಗ್ಗನ್ನು ಅರ್ಧ ಸುತ್ತು ಸಡಿಲಿಸಿ, ಮತ್ತೊಮ್ಮೆ ಊದಿ, ಆಮೇಲೆ ಪೂರ್ತಿ ಬಿಚ್ಚಿದರು. ತೂತಿಗೆ ಒಡನೆ ಬಟ್ಟೆ ತುರುಕಿದರು.

ಎರಡು ಸಿಲಿಂಡರ್ ಇರುವುದು ಗಮನಿಸುವವರಿಗೆ ದೊಡ್ಡ ಅನುಕೂಲ. ಪೆಟ್ರೋಲ್, ಗಾಳಿ, ಸವಾರ ಎಲ್ಲ ಒಂದೇ; ಪ್ಲಗ್‌ಗಳು ಬೇರೆ ಬೇರೆ ಕತೆ ಹೇಳಿದರೆ ತೊಂದರೆ ಒಂದು ಬದಿಯದ್ದೇ. ಎಡಗಡೆಯ ಪ್ಲಗ್ಗಿನ ಮೂತಿ ತಿಳಿಗಂದು, ಸ್ವಲ್ಪ ಎಣ್ಣೆಯ ಹೊಳಪು. ಬಲಗಡೆಯದು ಒಣಗಿ ಪೇಲವವಾಗಿತ್ತು. ಮತ್ತೆ ಕೂರಿಸಿ ಸ್ಟಾರ್ಟ್ ಮಾಡಿ, ಎರಡೂ ಸೈಲೆನ್ಸರ್ ಕೊಳವೆಗಳ ಬುಡಕ್ಕೆ ಒಂದೊಂದು ಹನಿ ನೀರು ಬಿಟ್ಟೆವು. ಎಡಗಡೆಯ ಹನಿ ಚುಂಯ್ ಎಂದು ಹಾರಿತು, ಬಲಗಡೆಯದು ನಿಧಾನವಾಗಿ ಜಾರಿತು. ನಿಧಾನ ವೇಗದಲ್ಲಿ ಬಲ ಸಿಲಿಂಡರ್ ಕೆಲಸ ಮಾಡುತ್ತಲೇ ಇರಲಿಲ್ಲ.

ಕಾರ್ಬೊರೇಟರ್ ಬೇರೆ ಬೇರೆ ಹಂತಕ್ಕೆ ಬೇರೆ ಬೇರೆ ದಾರಿಯಿಂದ ಪೆಟ್ರೋಲ್ ಕೊಡುತ್ತದೆ. ಐಡಲಿನಲ್ಲಿ ಮತ್ತು ಥ್ರಾಟಲಿನ ಮೊದಲ ಎಂಟನೆಯ ಒಂದು ಭಾಗದಲ್ಲಿ ಪೈಲಟ್ ಜೆಟ್ಟಿನ ಕಾರುಬಾರು. ಕಾಲು ಭಾಗದಿಂದ ಮುಕ್ಕಾಲಿನವರೆಗೆ ಸೂಜಿ. ಪೂರ್ತಿ ತೆರೆದಾಗ ಮೇನ್ ಜೆಟ್. ಮುಗ್ಗರಿಸುವುದು ಯಾವ ಹಂತದಲ್ಲಿ ಎಂದು ತಿಳಿದರೆ ಹುಡುಕಬೇಕಾದ ಜಾಗವೂ ತಿಳಿದಂತೆ. ಅಣ್ಣನ ಮೊದಲ ಪ್ರಶ್ನೆ ಅದಕ್ಕೇ. ಎರಡನೆಯ ಪರೀಕ್ಷೆ ಚೋಕ್. ತುಸು ಚೋಕ್ ಎಳೆದಾಗ ಗಾಡಿ ಸುಧಾರಿಸಿದರೆ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ. ಇನ್ನೂ ಕೆಟ್ಟರೆ ಪೆಟ್ರೋಲ್ ಹೆಚ್ಚಾಗಿದೆ. ಈ ಎರಡು ಪ್ರಶ್ನೆಗೆ ಉಪಕರಣವೇ ಬೇಡ.

ಬಲಗಡೆಯ ಕಾರ್ಬೊರೇಟರಿನ ಬೌಲ್ ಬಿಚ್ಚಿದರೆ ತಳದಲ್ಲಿ ಹಳದಿ ಅಂಟು. ಬೇಸಿಗೆಯ ತಿಂಗಳುಗಳಲ್ಲಿ ಪೆಟ್ರೋಲಿನ ಹಗುರ ಅಂಶ ಹಾರಿಹೋಗಿ, ಉಳಿದದ್ದು ಬೆರೆಸಿದ ಟೂಟಿ ಆಯಿಲ್, ಅಂದರೆ ಟೂ ಸ್ಟ್ರೋಕ್ ತೈಲದ ಜತೆ ಹೆಪ್ಪುಗಟ್ಟಿತ್ತು. ಪೈಲಟ್ ಜೆಟ್ಟನ್ನು ಆಕಾಶಕ್ಕೆ ಹಿಡಿದು ನೋಡಿದರೆ ಬೆಳಕು ಕಾಣಲಿಲ್ಲ. ಕ್ಲೀನರಿನಲ್ಲಿ ನೆನೆಸಿ ಊದಿದ ಮೇಲೆ ಸೂಜಿಮೊನೆಯಷ್ಟು ಬೆಳಕು ಕಂಡಿತು. ಅದೇ ಹಳೆಯ ಪ್ಲಗ್ ಹಾಕಿ ಕಿಕ್ ಹೊಡೆದರೆ ಎರಡೂ ಸಿಲಿಂಡರ್ ಒಟ್ಟಿಗೆ ಮಾತಾಡಿದವು.

ಜನವರಿ, ನಸುಕು

ರಾತ್ರಿ ಆಗ್ನೇಯದ ತೇವಗಾಳಿ ಮೆಲ್ಲಗೆ ಬೀಸಿದೆ. ಬೆಳಗ್ಗೆ ಮರಳಿನ ಮೇಲ್ಪದರ ಒದ್ದೆ, ಕಾಲಿಟ್ಟರೆ ಹಪ್ಪಳದಂತೆ ಮುರಿಯುತ್ತದೆ. ದಿಬ್ಬದ ಬುಡದ ಜೇಕುಹುಲ್ಲಿನ ತುದಿಗಳಲ್ಲಿ ಹನಿ. ವರ್ಷಕ್ಕೆ ಸುಮಾರು 75 ಮಿ.ಮೀ. ಮಳೆಯಷ್ಟೇ ಸಿಗುವ ಈ ನೆಲದಲ್ಲಿ ಜೀರುಂಡೆಗೂ ಹುಲ್ಲಿಗೂ ಇಬ್ಬನಿ ದೊಡ್ಡ ಆಸರೆ. ಹಿನ್ನೀರಿನ ಕಡೆಗೆ ನಡೆದರೆ ಚಳಿಗಾಲಕ್ಕೆ ಬಂದ ರಾಜಹಂಸಗಳು ತೆಳುನೀರಿನಲ್ಲಿ ನಿಂತಿರುತ್ತವೆ. ಉಷ್ಣಾಂಶ 12 ಡಿಗ್ರಿಯ ಆಸುಪಾಸು.

ಈ ಇಬ್ಬನಿಯೇ ಎಂಜಿನ್ನಿಗೆ ತೊಡಕು. ಬೆಳಗಿನ ಮೊದಲ ಹತ್ತು ನಿಮಿಷ ಗಾಡಿ ಮಿಸ್ ಹೊಡೆಯುತ್ತದೆ, ಬಿಸಿಲೇರಿದ ಮೇಲೆ ತಾನಾಗಿ ಸರಿಹೋಗುತ್ತದೆ. ಪ್ಲಗ್ಗಿನ ಕೆಳಮೂತಿಯಲ್ಲಿ ದೋಷವಿರಲಿಲ್ಲ. ಹಾಗಾಗಿ ಅದರ ಮೇಲ್ಭಾಗ ನೋಡಿದೆವು. ಬಿಳಿ ಪಿಂಗಾಣಿಯ ಮೈಮೇಲೆ ಕೂದಲೆಳೆಯಂಥ ಕಪ್ಪು ಗೆರೆಯೊಂದು ಮೇಲಿನ ತುದಿಯಿಂದ ಲೋಹದ ಕವಚದವರೆಗೆ ಇಳಿದಿತ್ತು. ವಿದ್ಯುತ್ತು ಒಳಗೆ ಕಿಡಿ ಹಾರಿಸುವ ಬದಲು ಪಿಂಗಾಣಿಯ ಹೊರಮೈ ಮೇಲಿಂದಲೇ ಓಡಿ ಹೋದ ದಾರಿ ಅದು. ಪ್ಲಗ್ಗಿನ ಪಿಂಗಾಣಿಗೆ ಸುತ್ತಲೂ ಏಣುಗಳಿರುವುದು ಈ ದಾರಿಯನ್ನು ಉದ್ದ ಮಾಡಿ ತಪ್ಪಿಸಲಿಕ್ಕೆ. ಆದರೆ ಕಡಲ ಉಪ್ಪು, ಸಬ್ಖಾ ಎಂಬ ಉಪ್ಪುಬಯಲಿನ ಧೂಳು, ಇಬ್ಬನಿ ಮೂರೂ ಸೇರಿ ಪಿಂಗಾಣಿಯ ಮೇಲೆ ವಿದ್ಯುತ್ತು ಹರಿಯುವ ಪೊರೆಯನ್ನೇ ಕಟ್ಟಿದ್ದವು. ಬಿಸಿಲಿಗೆ ಪೊರೆ ಒಣಗಿದರೆ ರೋಗ ಮಾಯ.

ಪರಿಹಾರಕ್ಕೆ ಹೆಚ್ಚು ಖರ್ಚಿಲ್ಲ. ಪಿಂಗಾಣಿಯನ್ನೂ ರಬ್ಬರ್ ಕ್ಯಾಪಿನ ಒಳಭಾಗವನ್ನೂ ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿದೆವು. ಕ್ಯಾಪ್ ಬಿಚ್ಚಿದಾಗ ಹೈಟೆನ್ಷನ್ ವಯರಿನ ತುದಿಯ ತಾಮ್ರ ಹಸಿರುಗಟ್ಟಿತ್ತು. ಅಣ್ಣ ತುದಿಯಿಂದ ಅರ್ಧ ಸೆಂಟಿಮೀಟರ್ ಕತ್ತರಿಸಿ, ಹೊಳೆಯುವ ತಾಮ್ರ ಕಂಡ ಮೇಲೆ ಕ್ಯಾಪನ್ನು ಮತ್ತೆ ತಿರುಗಿಸಿ ಕೂರಿಸಿದರು. ಪಿಂಗಾಣಿಯ ಮೇಲೆ ಸುಟ್ಟ ಗೆರೆ ಬಿದ್ದಿದ್ದ ಆ ಪ್ಲಗ್ ಮಾತ್ರ ಬದಲಾಯಿತು. ಗೆರೆ ಒಮ್ಮೆ ಬಿದ್ದರೆ ಕಿಡಿ ಮತ್ತೆ ಮತ್ತೆ ಅದೇ ದಾರಿ ಹಿಡಿಯುತ್ತದೆ.

ಇಲ್ಲಿ ಕಿಡಿ ಪರೀಕ್ಷೆಯ ಬಗ್ಗೆಯೂ ಬರೆದುಕೊಂಡಿದ್ದೇನೆ. ಪ್ಲಗ್ ಬಿಚ್ಚಿ ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹವನ್ನು ಎಂಜಿನ್ನಿಗೆ ತಾಗಿಸಿ ಕಿಕ್ ಹೊಡೆದರೆ ಚಟಚಟನೆ ನೀಲಿ ಕಿಡಿ ಹಾರಬೇಕು. ಪ್ಲಗ್ ತೂತಿನಿಂದ ಪೆಟ್ರೋಲಿನ ಆವಿ ಬರುತ್ತಿರುತ್ತದೆ, ಕಿಡಿ ಅದರಿಂದ ದೂರವಿರಲೇಬೇಕು. ಆದರೆ ಹೊರಗೆ ಕಿಡಿ ಬಂತೆಂದು ನಿಶ್ಚಿಂತೆ ಸಲ್ಲದು. ಸಿಲಿಂಡರಿನೊಳಗೆ ಗಾಳಿ ಒತ್ತಿಕೊಂಡಿರುವಾಗ ಪ್ಲಗ್ಗಿನ ತುದಿಯ ಅದೇ ಸಂದು ದಾಟಲು ಎಷ್ಟೋ ಹೆಚ್ಚು ವೋಲ್ಟೇಜ್ ಬೇಕು. ಬಯಲಿನಲ್ಲಿ ಚೆನ್ನಾಗಿ ಕಿಡಿ ಹಾರಿಸುವ ದುರ್ಬಲ ಕಾಯಿಲ್ ಒಳಗೆ ಸೋಲಬಹುದು.

ಜನವರಿಯ ಇನ್ನೊಂದು ತೊಂದರೆ ಕಣ್ಣಿಗೆ ಕಾಣದು. ತಣ್ಣನೆಯ ಗಾಳಿ ದಟ್ಟ. 45 ಡಿಗ್ರಿಯಲ್ಲಿ ಒಂದು ಘನ ಮೀಟರ್ ಒಣಗಾಳಿ ಸುಮಾರು 1.11 ಕೆ.ಜಿ. ತೂಗಿದರೆ, 10 ಡಿಗ್ರಿಯಲ್ಲಿ ಸುಮಾರು 1.25 ಕೆ.ಜಿ. ಕಾರ್ಬೊರೇಟರಿಗೆ ಈ ವ್ಯತ್ಯಾಸ ತೂಗುವ ಶಕ್ತಿಯಿಲ್ಲ. ಜೆಟ್ಟಿನ ತೂತು ಇದ್ದಷ್ಟೇ ಇರುತ್ತದೆ. ಸೆಪ್ಟೆಂಬರಿನ ಸೆಕೆಯಲ್ಲಿ ಹದ ಮಾಡಿದ ಜೆಟ್ ಜನವರಿಯ ನಸುಕಿನಲ್ಲಿ ಕಡಿಮೆ ಬೀಳುತ್ತದೆ. ಆಗ ಥ್ರಾಟಲ್ ಒತ್ತಿದಾಗ ಎಂಜಿನ್ ಒಂದು ಕ್ಷಣ ಉಸಿರು ಕಟ್ಟಿ ನಿಲ್ಲುತ್ತದೆ. ಟೂ ಸ್ಟ್ರೋಕಿನಲ್ಲಿ ತೈಲವೂ ಪೆಟ್ರೋಲಿನ ಜತೆಗೇ ಬರುವುದರಿಂದ ಪೆಟ್ರೋಲ್ ಕಡಿಮೆಯಾದರೆ ತೈಲವೂ ಕಡಿಮೆ, ಬಿಸಿ ಹೆಚ್ಚು. ಹಾಗೇ ದೌಡಾಯಿಸಿದರೆ ಪಿಸ್ಟನ್ ಸೀಜ್.

ಇದೇ ಕಾಯಿಲೆ ಭೂಮಿಯ ಇನ್ನೊಂದು ತುದಿಯಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗಳಿಗೂ ಇದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಊರಿನಲ್ಲಿ ಜೋಸೆಫ್ ಆರ್ಮಂಡ್ ಬೊಂಬಾರ್ಡಿಯೇ 1959ರಲ್ಲಿ ಸ್ಕೀ ಡೂ ಗಾಡಿಯನ್ನು ಮಾರುಕಟ್ಟೆಗೆ ತಂದರು. ಕಾರ್ಬೊರೇಟರಿನ ಸ್ನೋಮೊಬೈಲ್‌ಗಳಿಗೆ ಉಷ್ಣಾಂಶಕ್ಕೂ ಎತ್ತರಕ್ಕೂ ತಕ್ಕ ಜೆಟ್ ಯಾವುದೆಂದು ತಿಳಿಸುವ ಪಟ್ಟಿಯೇ ಇರುತ್ತದೆ. ಶೂನ್ಯಕ್ಕಿಂತ 30 ಡಿಗ್ರಿ ಕೆಳಗೆ ಒಂದು ಘನ ಮೀಟರ್ ಗಾಳಿ ಸುಮಾರು 1.45 ಕೆ.ಜಿ. ಅಲ್ಲಿ ಫಿಲ್ಟರಿಗೆ ಹಿಮದ ಪುಡಿ, ಇಲ್ಲಿ ಸುಣ್ಣದ ಧೂಳು. ಅಲ್ಲಿನವರು ಜೇಬಿನಲ್ಲಿ ಇಟ್ಟುಕೊಳ್ಳುವ ಎನ್‌ಜಿಕೆ ಬಿಆರ್9ಇಎಸ್, ಬ್ಯಾನ್‌ಶೀಯಲ್ಲಿರುವ ಬಿಆರ್8ಇಎಸ್ ಎರಡೂ ಒಂದೇ ಮನೆತನದವು. ಎನ್‌ಜಿಕೆ ಲೆಕ್ಕದಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಂಪು, ಅಂದರೆ ಮೂತಿಯ ಬಿಸಿಯನ್ನು ಬೇಗ ಎಂಜಿನ್ನಿಗೆ ದಾಟಿಸುತ್ತದೆ. ಬಾಷ್ ಲೆಕ್ಕ ಇದಕ್ಕೆ ತಿರುಗುಮುರುಗು. ಬಾಷ್ ಬಳಗದ್ದೇ ಆದ ಬೆಂಗಳೂರಿನ ಮೈಕೋ ಪ್ಲಗ್ ಬಳಸಿ ರೂಢಿಯಿದ್ದವರು ಇಲ್ಲಿ ಅಂಕಿ ನೋಡಿ ಮೋಸಹೋಗಬಾರದು.

ಫೆಬ್ರವರಿ, ಶಮಾಲ್

ಗಾಳಿ ವಾಯುವ್ಯಕ್ಕೆ ತಿರುಗಿ ಬಿರುಸಾಗಿದೆ. ದಿಬ್ಬದ ನೆತ್ತಿಯಿಂದ ಮರಳಿನ ಸೆರಗು ಹಾರುತ್ತಿದೆ. ಗಾಳಿಮುಖದ ಇಳಿಜಾರು ಉದ್ದ, ನಿಧಾನ, ಗಟ್ಟಿ. ಹಿಂಬದಿಯ ಜಾರುಮುಖ ಸುಮಾರು 33 ಡಿಗ್ರಿ ಕಡಿದು, ಸಡಿಲ. ಮರಳಿನ ಕಾಳು ಗಾಳಿಯಲ್ಲಿ ತೇಲುವುದಿಲ್ಲ, ಕುಪ್ಪಳಿಸುತ್ತದೆ. ಒಂದು ಕಾಳು ಬಿದ್ದ ಜಾಗದಿಂದ ಇನ್ನಷ್ಟು ಕಾಳು ಚಿಮ್ಮುತ್ತವೆ. ಇದನ್ನು ಲೆಕ್ಕ ಹಾಕಿ ತೋರಿಸಿದವರು ಬ್ರಿಟಿಷ್ ಸೇನಾ ಎಂಜಿನಿಯರ್ ರಾಲ್ಫ್ ಬ್ಯಾಗ್ನೋಲ್ಡ್. 1920ರ ದಶಕದ ಕೊನೆಯಲ್ಲಿ ಫೋರ್ಡ್ ಕಾರುಗಳಲ್ಲಿ ಲಿಬಿಯನ್ ಮರುಭೂಮಿ ಹೊಕ್ಕು, ಕುದಿಯುವ ರೇಡಿಯೇಟರಿನ ಆವಿಯನ್ನು ಡಬ್ಬಿಯಲ್ಲಿ ಹಿಡಿದು ಮತ್ತೆ ನೀರಾಗಿಸುವ ಉಪಾಯವನ್ನು ಬಳಸಿದವರು. 1941ರಲ್ಲಿ ಮರಳಿನ ಭೌತಶಾಸ್ತ್ರದ ಬಗ್ಗೆ ಗ್ರಂಥ ಬರೆದವರು. ಮರಳನ್ನೂ ಎಂಜಿನ್ನನ್ನೂ ಒಂದೇ ಗಮನದಿಂದ ನೋಡಿದ ಅವರ ಮೇಲೆ ನನಗೆ ಬಹಳ ಗೌರವ.

ಬೀಸುಗಾಳಿಯ ನಾಲ್ಕು ದಿನಗಳ ನಂತರ ಗಾಡಿ ಪೂರ್ತಿ ಥ್ರಾಟಲಿನಲ್ಲಿ ಗೊರಗೊರ ಎನ್ನತೊಡಗಿತು. ಚೋಕ್ ಎಳೆದರೆ ಇನ್ನೂ ಕೆಟ್ಟಿತು. ಎರಡೂ ಪ್ಲಗ್ ಒಣಮಸಿ ಹಿಡಿದು ಕಪ್ಪು, ಬೆರಳಿಗೆ ಕಾಡಿಗೆಯಂತೆ ಹತ್ತುವ ಮಸಿ. ಎರಡೂ ಬದಿ ಒಂದೇ ಕತೆ ಹೇಳುತ್ತಿವೆ ಎಂದಮೇಲೆ ಕಾರಣ ಎರಡಕ್ಕೂ ಸೇರಿದ್ದು: ಏರ್ ಫಿಲ್ಟರ್. ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್ ಎಳೆಯುವ ಉಸಿರಿಗೆ ಗಾಳಿ ಸಾಲದೆ ಪೆಟ್ರೋಲ್ ಹೆಚ್ಚು ಬರುತ್ತದೆ. ಪೂರ್ತಿ ಸುಡದ ಪೆಟ್ರೋಲ್ ಮಸಿಯಾಗಿ ಪ್ಲಗ್ಗಿನ ಮೂತಿಯಲ್ಲಿ ಕೂರುತ್ತದೆ. ಮೂತಿ ಸುಮಾರು 450 ಡಿಗ್ರಿ ಮುಟ್ಟಿದರೆ ಆ ಮಸಿ ತಾನೇ ಸುಟ್ಟು ಹೋಗಬೇಕು. ಗಾಡಿಯನ್ನು ಗುಡಾರದೆದುರು ಸುಮ್ಮನೆ ಐಡಲಿನಲ್ಲಿ ಬಿಟ್ಟಾಗ ಅಷ್ಟು ಬಿಸಿ ಏರುವುದಿಲ್ಲ. ಮಸಿಯಲ್ಲೂ ವಿದ್ಯುತ್ತು ಹರಿಯುತ್ತದೆ, ಕಿಡಿ ಸಂದು ದಾಟದೆ ಮಸಿಯ ದಾರಿಯಲ್ಲೇ ಸೋರಿಹೋಗುತ್ತದೆ.

ಫಿಲ್ಟರಿನ ಸ್ಪಂಜು ಬಿಚ್ಚಿ ಬಿಳಿ ಕಾಗದದ ಮೇಲೆ ತಟ್ಟಿದೆ. ದಿಬ್ಬದ ಹೊಂಬಣ್ಣದ ಮರಳು ಉದುರೀತೆಂದುಕೊಂಡಿದ್ದರೆ ಬಿದ್ದದ್ದು ಹೆಚ್ಚಾಗಿ ಬೂದುಬಿಳಿ ಹಿಟ್ಟು. ಭೂತಗನ್ನಡಿಯಲ್ಲಿ ಮರಳಿನ ಕಾಳುಗಳು ದುಂಡಗೆ, ಅರೆಪಾರದರ್ಶಕವಾಗಿ ಬಿಡಿಬಿಡಿಯಾಗಿದ್ದವು. ಹಿಟ್ಟಿಗೆ ಆಕಾರವೇ ಇಲ್ಲ. ಶಿಬಿರದ ಅಡುಗೆ ಪೆಟ್ಟಿಗೆಯಲ್ಲಿದ್ದ ವಿನೆಗರಿನ ಒಂದು ಹನಿಯನ್ನು ಹಿಟ್ಟಿನ ಮೇಲೆ ಬಿಟ್ಟೆ. ಕೂಡಲೇ ಸಣ್ಣ ಗುಳ್ಳೆಗಳೆದ್ದು ನೊರೆಗಟ್ಟಿತು. ದಿಬ್ಬದ ಮರಳಿನ ಮೇಲೆ ಬಿಟ್ಟ ಹನಿ ಹೆಚ್ಚು ಸದ್ದಿಲ್ಲದೆ ಇಂಗಿತು. ನೊರೆ ಬಂದದ್ದು ಸುಣ್ಣಕಲ್ಲಿನ ಧೂಳಿನಿಂದ. ಕುಪ್ಪಳಿಸುವ ಭಾರದ ಕಾಳು ನೆಲಕ್ಕೆ ಹತ್ತಿರವೇ ಉಳಿಯುತ್ತದೆ. ಗಾಳಿಯಲ್ಲಿ ತೇಲಿ ಸ್ಪಂಜಿನ ಆಳಕ್ಕೆ ಹೊಕ್ಕುವುದು ಈ ಹಿಟ್ಟು. ಅದು ಎಲ್ಲಿಂದ ಬರುತ್ತದೆ ಎಂದು ಸಂಜೆ ಕುಳಿತು ನೋಡಿದೆ. ದಿಬ್ಬದ ಮೇಲೆ ಓಡುವ ಗಾಡಿಯ ಹಿಂದೆ ಮರಳು ಎದ್ದು ತಕ್ಷಣ ಬೀಳುತ್ತಿತ್ತು. ಶಿಬಿರಕ್ಕೆ ಬರುವ ಸವೆದ ದಾರಿಯ ಮೇಲೆ ಸಾಲಾಗಿ ಓಡುವ ಗಾಡಿಗಳ ಹಿಂದೆ ಎದ್ದ ಬಿಳಿ ಮೋಡ ಮಾತ್ರ ಬಹಳ ಹೊತ್ತು ನಿಂತಿರುತ್ತಿತ್ತು.

ಆ ದಿನದಿಂದ ನಾವು ಪಾಲಿಸಿದ್ದು ಎರಡು ನಿಯಮ. ದಾರಿಯಲ್ಲಿ ಮುಂದಿನ ಗಾಡಿಯ ಧೂಳಿನೊಳಗೆ ಓಡಿಸಬಾರದು. ಬೀಸುಗಾಳಿ ನಿಂತ ಮರುದಿನ ಸ್ಪಂಜನ್ನು ತೊಳೆದು, ಒಣಗಿಸಿ, ಫಿಲ್ಟರ್ ಆಯಿಲ್ ಹಚ್ಚಿ ಹಿಂಡಿ ಹಾಕಬೇಕು. ಪ್ಲಗ್‌ಗಳನ್ನು ಬ್ರಷ್ಷಿನಿಂದ ಒರೆಸಿ, ಸಂದು 0.7ರಿಂದ 0.8 ಮಿ.ಮೀ. ಒಳಗಿದೆಯೆಂದು ಫೀಲರ್ ಗೇಜಿನಲ್ಲಿ ನೋಡಿ ಹಾಕಿದೆವು. ಒಂದು ದಿಬ್ಬ ಹತ್ತಿಳಿದು ಬರುವಷ್ಟರಲ್ಲಿ ಮೂತಿ ಮತ್ತೆ ಬಾದಾಮಿ ಬಣ್ಣಕ್ಕೆ ತಿರುಗಿತ್ತು.

ಮಾರ್ಚ್

ಹೂಪೋ ಲಾರ್ಕ್ ಹಾಡತೊಡಗಿದೆ. ನೆಲದಿಂದ ನೇರ ಮೇಲೇರಿ, ಸಿಳ್ಳೆಯನ್ನು ಬಿಡಿಬಿಡಿಯಾಗಿ ಏರಿಸುತ್ತ, ತುದಿಯಲ್ಲಿ ಮಗುಚಿ, ಕಪ್ಪುಬಿಳುಪು ರೆಕ್ಕೆ ಬಿಚ್ಚಿ ಇಳಿಯುತ್ತದೆ. ಮರಳಿನ ಓತಿಕ್ಯಾತಗಳೂ ಹೊರಬಂದಿವೆ. ಕಪ್ಪೆಯಂಥ ಚಪ್ಪಟೆ ಮುಖದ ಈ ಅರೇಬಿಯನ್ ಓತಿ ಬಾಲವನ್ನು ಸುರುಳಿ ಸುತ್ತಿ ತುದಿಯ ಕಪ್ಪನ್ನು ತೋರಿಸುತ್ತದೆ. ಹತ್ತಿರ ಹೋದರೆ ಓಡುವುದಿಲ್ಲ. ಮೈಯನ್ನು ಅತ್ತಿತ್ತ ಅದುರಿಸುತ್ತದೆ, ಕ್ಷಣದಲ್ಲಿ ಮರಳಿನಡಿ ಮುಳುಗುತ್ತದೆ. ಮೇಲೆ ಎರಡು ಕಣ್ಣು ಉಳಿದರೂ ಹುಡುಕುವುದು ಕಷ್ಟ. ಸವಾರರು ಇದನ್ನು ಒಮ್ಮೆ ನೋಡಬೇಕು ಎಂಬುದು ನನ್ನ ಆಸೆ. ಖಾಲಿ ಎಂದುಕೊಂಡ ಇಳಿಜಾರಿನ ಒಂದು ಬೆರಳು ಕೆಳಗೆ ಜೀವವಿರುತ್ತದೆ.

ಮೂರು ವಾರ ದೋಹಾದ ಅಂಗಳದಲ್ಲಿ ನಿಂತಿದ್ದ ಬ್ಯಾನ್‌ಶೀ ಈಗ ಹೊಸ ಬಗೆಯಲ್ಲಿ ಕೈಕೊಟ್ಟಿತು. ಮೊದಲ ಹತ್ತು ನಿಮಿಷ ಯಾವ ದೋಷವೂ ಇಲ್ಲ. ಆಮೇಲೆ ದಿಬ್ಬದ ನಡುವೆ ಶಕ್ತಿ ಇಳಿದು ಮುಗ್ಗರಿಸಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಕಿಕ್ ಹೊಡೆದರೆ ಮತ್ತೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಗೆಳೆಯರು ಪ್ರತಿ ಸಲವೂ ಪ್ಲಗ್ ಬದಲಿಸಿದರು. ಪ್ಲಗ್ ಬದಲಿಸುವಷ್ಟು ಹೊತ್ತಿನಲ್ಲಿ ಗಾಡಿ ಚೇತರಿಸಿಕೊಳ್ಳುತ್ತಿದ್ದುದರಿಂದ ಹೊಸ ಪ್ಲಗ್ಗಿಗೇ ಕೀರ್ತಿ ಸಲ್ಲುತ್ತಿತ್ತು. ಸರಿಮಾಡಿದ್ದು ಪ್ಲಗ್ಗೋ ಕಾಲವೋ ಎಂದು ತಿಳಿಯಲು ಅಣ್ಣ ಒಮ್ಮೆ ಏನನ್ನೂ ಬದಲಿಸದೆ ಅಷ್ಟೇ ಹೊತ್ತು ಸುಮ್ಮನೆ ಕೂರಿಸಿದರು. ಗಾಡಿ ಸ್ಟಾರ್ಟ್ ಆಯಿತು.

ಬಿಚ್ಚಿಟ್ಟ ಪ್ಲಗ್‌ಗಳನ್ನು ಸಾಲಾಗಿ ಜೋಡಿಸಿದೆ. ಎಲ್ಲವೂ ಬಿಳಿಚಿಕೊಂಡಿದ್ದವು. ಒಂದರ ಪಿಂಗಾಣಿಯ ಮೇಲೆ ಮೆಣಸಿನ ಪುಡಿಯಷ್ಟು ಸಣ್ಣ ಹೊಳೆಯುವ ಚುಕ್ಕೆಗಳು. ಅಣ್ಣನ ಮುಖ ಗಂಭೀರವಾಯಿತು. ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಎಂಜಿನ್ ಹೊಟ್ಟೆಗಿಲ್ಲದೆ ಬಿಸಿಯೇರಿ ಸಿಡಿದುರಿಯುತ್ತಿದೆ ಎಂಬುದರ ಗುರುತು. ಇನ್ನು ಓಡಿಸುವ ಹಾಗಿಲ್ಲ ಎಂದರು. ಎರಡೂ ಬದಿ ಬಿಳಿ, ಎಂದಮೇಲೆ ಎರಡಕ್ಕೂ ಸೇರಿದ ದಾರಿಯಲ್ಲಿ ಪೆಟ್ರೋಲ್ ನಿಲ್ಲುತ್ತಿದೆ. ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ ಸುಂಯ್ ಎಂದು ಗಾಳಿ ಒಳಕ್ಕೆ ನುಗ್ಗಿತು. ಪೆಟ್ರೋಲ್ ಇಳಿದಷ್ಟು ಗಾಳಿ ಟ್ಯಾಂಕಿಗೆ ಬರಬೇಕು. ಬಾರದಿದ್ದರೆ ಒಳಗೆ ಒತ್ತಡ ಕುಸಿದು ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ.

ಮುಚ್ಚಳದ ಮೇಲೆ ಗಾಳಿಗೆಂದು ಒಂದು ಸಣ್ಣ ರಬ್ಬರ್ ಕೊಳವೆ. ಅದರ ತುದಿಯಲ್ಲಿ ಒಣಮಣ್ಣಿನ ಬಿರಡೆ. ಚಾಕುವಿನಲ್ಲಿ ಕೊಳವೆಯನ್ನು ಉದ್ದಕ್ಕೆ ಸೀಳಿದೆ. ಸಾಸಿವೆಯಷ್ಟು ಸಣ್ಣ ಮಣ್ಣುಂಡೆಗಳನ್ನು ಒತ್ತಿ ಒತ್ತಿ ಕಟ್ಟಿದ ಗೋಡೆ, ಅದರ ಹಿಂದೆ ಕೋಣೆ, ಕೋಣೆಯಲ್ಲಿ ಮೂರು ಹಸಿರು ಕಂಬಳಿಹುಳು. ಮುಟ್ಟಿದರೆ ತುಸು ಮಿಸುಕಾಡಿದವು, ಆದರೆ ಹರಿದಾಡಲಿಲ್ಲ. ಅವುಗಳ ನಡುವೆ ಅಕ್ಕಿನುಚ್ಚಿನಂಥ ಒಂದು ಬಿಳಿಮರಿ. ಇದು ಕುಂಬಾರ ಕಣಜದ ಬಳಗದ್ದು. ತಾಯಿ ಕಣಜ ಸಿಕ್ಕಿದ ಪೊಳ್ಳನ್ನು ಗೂಡು ಮಾಡಿ, ಮೊಟ್ಟೆಯಿಟ್ಟು, ಕುಟುಕಿ ಸ್ತಬ್ಧಗೊಳಿಸಿದ ಹುಳುಗಳನ್ನು ಮರಿಗೆ ಬುತ್ತಿಯಾಗಿ ಕೂಡಿಟ್ಟು, ಬಾಗಿಲಿಗೆ ಮಣ್ಣು ಮೆತ್ತುತ್ತದೆ. ಒಣನೆಲದಲ್ಲಿ ಹಸಿಮಣ್ಣು ಅದಕ್ಕೆ ಎಲ್ಲಿ ಸಿಕ್ಕಿತೆಂದು ಮರುದಿನ ಅಂಗಳದಲ್ಲಿ ಕಾದೆ. ಏಸಿಯ ನೀರು ತೊಟ್ಟಿಕ್ಕುವ ಮೂಲೆಯಲ್ಲಿ ಅಂಗೈಯಗಲ ಕೆಸರು. ಹಳದಿಕಪ್ಪು ಕಣಜವೊಂದು ಅಲ್ಲಿ ಇಳಿದು ದವಡೆಯಲ್ಲಿ ಉಂಡೆ ಉರುಳಿಸಿಕೊಂಡು ಗೋಡೆಯ ಕಡೆ ಹಾರಿತು.

ಹೊಸ ಕೊಳವೆಯ ತುದಿಗೆ ಸಣ್ಣಕಣ್ಣಿನ ಜಾಲರಿ ಕಟ್ಟಿದೆವು. ಕಾರ್ಬೊರೇಟರಿನ ಗಾಳಿ ಕೊಳವೆಗಳಿಗೂ ಅಷ್ಟೇ. ಸನಯ್ಯದ ಗ್ಯಾರೇಜಿನಲ್ಲಿ ಹೆಡ್ ಬಿಚ್ಚಿ, ಪಿಸ್ಟನ್ನಿನ ಅಂಚು ಸ್ವಲ್ಪ ತಿಂದುಹೋಗಿದ್ದನ್ನು ಕಂಡು ಹೊಸ ಪಿಸ್ಟನ್ ಕೂರಿಸಿದ ಮೇಲೆ ಗಾಡಿ ಸರಿಯಾಯಿತು. ಪ್ಲಗ್ ತಪ್ಪು ಮಾಡಿರಲಿಲ್ಲ. ಎಂಜಿನ್ ಒಳಗೆ ನಡೆಯುತ್ತಿದ್ದುದಕ್ಕೆ ಅದು ಸಾಕ್ಷಿ ನುಡಿಯುತ್ತಿತ್ತು, ಪ್ರತಿ ಸಲವೂ ಆ ಸಾಕ್ಷಿಯನ್ನು ಕಿತ್ತು ಬಿಸಾಡಲಾಗುತ್ತಿತ್ತು.

ಏಪ್ರಿಲ್

ಗುಡಾರಗಳು ಇಳಿಯುತ್ತಿವೆ. ಮಧ್ಯಾಹ್ನದ ಬಿಸಿಲು 35 ಡಿಗ್ರಿ ದಾಟಿದೆ. ಇಡೀ ಋತುವಿನ ಟಿಪ್ಪಣಿಯನ್ನು ತಿರುವಿದರೆ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಬಾಗ್ ಆಯಿತೆಂದು ಪ್ಲಗ್ ಬದಲಿಸಿದ್ದು ಹಲವು ಸಲ, ಪ್ಲಗ್ಗೇ ಕಾರಣವಾಗಿದ್ದು ಜನವರಿಯ ಆ ಸುಟ್ಟ ಗೆರೆ ಮಾತ್ರ, ಅದಕ್ಕೂ ಮೂಲ ಉಪ್ಪು ಮತ್ತು ಇಬ್ಬನಿ. ಉಳಿದದ್ದೆಲ್ಲ ಹಳೆ ಪೆಟ್ರೋಲ್, ತಣ್ಣನೆಯ ಗಾಳಿ, ಸುಣ್ಣದ ಧೂಳು, ಒಂದು ಕಣಜ.

ಹಾಗಾಗಿ ಹೊಸ ಪ್ಲಗ್ ಹಾಕುವ ಮೊದಲು ಹಳೆಯದನ್ನು ಓದಬೇಕು. ಈಗಿನ ಸೀಸರಹಿತ ಪೆಟ್ರೋಲ್ ಮೂತಿಗೆ ಹೆಚ್ಚು ಬಣ್ಣ ಕೊಡುವುದಿಲ್ಲ. ಆದ್ದರಿಂದ ಭೂತಗನ್ನಡಿ ಹಿಡಿದು ಪಿಂಗಾಣಿಯ ಬುಡದ ಉಂಗುರವನ್ನೂ ನೋಡಬೇಕು. ಐಡಲಿನಲ್ಲಿ ನಿಂತ ಗಾಡಿಯ ಪ್ಲಗ್ ಐಡಲಿನ ಸಂಗತಿಯನ್ನಷ್ಟೇ ಹೇಳುತ್ತದೆ. ಪೂರ್ತಿ ಥ್ರಾಟಲಿನ ಹದ ತಿಳಿಯಬೇಕಾದರೆ ಆ ವೇಗದಲ್ಲೇ ಸ್ವಿಚ್ ಆರಿಸಿ, ಕ್ಲಚ್ ಹಿಡಿದು, ಉರುಳಿ ನಿಂತ ಮೇಲೆ ಬಿಚ್ಚಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಆ ದಿನದ ಗಾಳಿ, ಉಷ್ಣಾಂಶದ ಜತೆ ಬರೆದಿಡಬೇಕು. ಹಕ್ಕಿ ನೋಡುವವರು ಮಾಡುವುದೂ ಇಷ್ಟನ್ನೇ.

ಬಿಚ್ಚಿದ ಪ್ಲಗ್, ಸೋರಿದ ಆಯಿಲ್, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆ ಯಾವುದೂ ಮರಳಿನಲ್ಲಿ ಉಳಿಯಬಾರದು. ಖೋರ್ ಅಲ್ ಅದೈದ್ 2008ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿರುವ ಜಾಗ. ಪಿಂಗಾಣಿ ಕೊಳೆಯುವುದಿಲ್ಲ, ದಿಬ್ಬ ಅದನ್ನು ಮುಚ್ಚುತ್ತದೆ, ಮುಂದೆ ಸರಿದ ಮೇಲೆ ಹಾಗೇ ಹೊರಗೆ ಬಿಡುತ್ತದೆ. ಜೇಕುಹುಲ್ಲಿನ ಬುಡದಲ್ಲಿ ಸ್ಟಾರ್ಟ್ ಆಗದ ಗಾಡಿಯನ್ನು ಹಿಂದೆ ಮುಂದೆ ತುಳಿಸಿದರೆ ಆ ಬುಡದ ಮರಳು ಹಾರಿ ಬೇರು ಬಯಲಾಗುತ್ತದೆ, ಅದನ್ನು ನಂಬಿದ ಓತಿಗೂ ನೆರಳಿಲ್ಲ. ಕೆಟ್ಟ ಗಾಡಿಯನ್ನು ಗಟ್ಟಿನೆಲಕ್ಕೆ ತಳ್ಳಿ ತಂದು ಬಿಚ್ಚುವುದು ಎಂಜಿನ್ನಿಗೂ ಕ್ಷೇಮ, ಹುಲ್ಲಿಗೂ ಕ್ಷೇಮ.

ಈ ಸಲ ಗಾಡಿಯನ್ನು ಮಲಗಿಸುವ ಕೆಲಸ ಅಣ್ಣ ಮತ್ತು ನಾನು ಒಟ್ಟಿಗೆ ಮಾಡಿದೆವು. ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ, ಬೌಲಿನಲ್ಲಿದ್ದದ್ದು ಮುಗಿಯುವವರೆಗೆ ಓಡಿಸಿ, ತಳದ ಸ್ಕ್ರೂ ಬಿಚ್ಚಿ ಉಳಿದ ಹನಿಯನ್ನೂ ಡಬ್ಬಿಗೆ ಇಳಿಸಿದೆವು. ಪ್ಲಗ್ ತೂತಿನಿಂದ ಒಂದಿಷ್ಟು ಟೂಟಿ ಆಯಿಲ್ ಬಿಟ್ಟು ಕಿಕ್ಕರನ್ನು ಮೆಲ್ಲಗೆ ತುಳಿದು ಸಿಲಿಂಡರಿಗೆ ಹರಡಿದೆವು. ಪ್ಲಗ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ವಾಷರ್ ಕೂತ ಮೇಲೆ ಸ್ಪ್ಯಾನರಿನಿಂದ ಬಿಗಿಮಾಡಿದೆವು. ಸ್ಪಂಜು ತೊಳೆದು ಹಾಕಿ, ಜಾಲರಿಗಳನ್ನು ನೋಡಿ, ಸೈಲೆನ್ಸರಿನ ಬಾಯಿಗೂ ಬಟ್ಟೆ ಕಟ್ಟಿದೆವು. ನವೆಂಬರಿನಲ್ಲಿ ಮುಗ್ಗರಿಸುವ ಗಾಡಿಯ ರೋಗ ಏಪ್ರಿಲಿನಲ್ಲೇ ಶುರುವಾಗುತ್ತದೆ. ಅದನ್ನು ತಡೆಯಲು ಹಿಡಿದದ್ದು ಒಂದು ಸಂಜೆಯ ಕೆಲಸ.